ಅನ್ನನಾಳದ ಕ್ಯಾನ್ಸರ್ ಬಂದಾಗ ಅದೇ ಕಾಯಿಲೆಯನ್ನು ಅನುಭವಿಸಿದವರೊಡನೆ ಮಾತನಾಡುವುದರಿಂದ ಪ್ರಯೋಜನವಿದೆಯೇ?

ಅನ್ನನಾಳದ ಕ್ಯಾನ್ಸರ್ ಇದೆಯೆಂದು ಇತ್ತೀಚೆಗೆ ತಿಳಿದಿದೆ, ಚಿಕಿತ್ಸೆ ಇನ್ನೇನು ಆರಂಭವಾಗಲಿದೆ, ಮನೆಯವರೆಲ್ಲ ಜೊತೆಗಿದ್ದರೂ ಒಂಟಿ ಎನ್ನಿಸುತ್ತಿದೆ ಎಂದು ಬರೆದಿದ್ದೀರಿ. ಇದೇ ಕಾಯಿಲೆ ಬಂದ ಅಪರಿಚಿತರೊಡನೆ ಮಾತನಾಡಿದರೆ ಧೈರ್ಯ ಬರುತ್ತದೆಯೇ ಅಥವಾ ಇದ್ದ ಹೆದರಿಕೆಯೂ ಹೆಚ್ಚಾಗುತ್ತದೆಯೇ ಎಂದೂ ಕೇಳಿದ್ದೀರಿ. ನನಗೂ ಇದೇ ಕಾಯಿಲೆ ಬಂದಿತ್ತು. ಕೀಮೋ, ರೇಡಿಯೇಷನ್, ಶಸ್ತ್ರಚಿಕಿತ್ಸೆ ಮೂರೂ ಆಗಿ ಈಗ ನಿಯಮಿತ ತಪಾಸಣೆಯಲ್ಲಿದ್ದೇನೆ. ನಾನು ವೈದ್ಯನಲ್ಲ, ರೋಗಿಯಾಗಿ ಕಂಡದ್ದನ್ನು ಮತ್ತು ಓದಿ ತಿಳಿದದ್ದನ್ನು ಹೇಳುತ್ತೇನೆ. ಪ್ರಯೋಜನ ಖಂಡಿತ ಇದೆ. ಆದರೆ ಅದು ಯಾವ ಬಗೆಯ ಪ್ರಯೋಜನ, ಯಾವ ವಿಷಯದಲ್ಲಿ ಅದನ್ನು ನೆಚ್ಚಬಾರದು ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಈ ಕಾಯಿಲೆಯ ಒಂಟಿತನಕ್ಕೆ ಅದರದೇ ಆದ ಒಂದು ಕಾರಣವಿದೆ. ಅನ್ನನಾಳವು ಗಂಟಲಿನಿಂದ ಜಠರಕ್ಕೆ ಇಳಿಯುವ, ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅದು ಹಿಗ್ಗಬಲ್ಲದ್ದಾದ್ದರಿಂದ ಒಳಗೆ ಗಡ್ಡೆ ಬೆಳೆಯುತ್ತಿದ್ದರೂ ದಾರಿ ಸಾಕಷ್ಟು ಕಿರಿದಾಗುವವರೆಗೆ ಹೆಚ್ಚಿನವರಿಗೆ ಏನೂ ತಿಳಿಯುವುದಿಲ್ಲ. ಸಾಮಾನ್ಯವಾಗಿ ಮೊದಲು ಗಟ್ಟಿ ಪದಾರ್ಥ ಎದೆಯಲ್ಲಿ ನಿಂತಂತಾಗುತ್ತದೆ, ಬಳಿಕ ಮೆತ್ತಗಿನದ್ದು ನಿಲ್ಲುತ್ತದೆ, ಕೊನೆಗೆ ನೀರು ಇಳಿಯುವುದೂ ಕಷ್ಟವಾಗುತ್ತದೆ. ಹೀಗಾಗಿ ಈ ಕಾಯಿಲೆ ಮೊದಲು ಕೆಡಿಸುವುದು ಊಟವನ್ನು, ಅಂದರೆ ಮನೆಯವರು ತಮ್ಮ ಪ್ರೀತಿಯನ್ನು ದಿನವೂ ತೋರಿಸುವ ಆ ಒಂದು ಹೊತ್ತನ್ನೇ. ಅವರು ಕಷ್ಟಪಟ್ಟು ಮಾಡಿ ಬಡಿಸುತ್ತಾರೆ, ನೀವು ಎರಡು ತುತ್ತಿಗೆ ಕೈ ತೊಳೆಯುತ್ತೀರಿ. 'ಇನ್ನೊಂದು ತುತ್ತು' ಎಂಬ ಮಾತು ಅವರ ಬಾಯಲ್ಲಿ ಕಾಳಜಿಯಾಗಿ ಹುಟ್ಟಿ ನಿಮ್ಮ ಕಿವಿಗೆ ಒತ್ತಾಯವಾಗಿ ಬೀಳುತ್ತದೆ. ಅವರಿಗೆ ನೋವಾಗದಿರಲೆಂದು ನೀವು ಸುಮ್ಮನಾಗುತ್ತೀರಿ, ನಿಮಗೆ ನೋವಾಗದಿರಲೆಂದು ಅವರೂ ಸುಮ್ಮನಾಗುತ್ತಾರೆ. ಮನೆ ತುಂಬ ಜನರಿದ್ದೂ ಒಂಟಿ ಎನ್ನಿಸುವುದು ಅಲ್ಲಿಂದ ಎಂದು ನನಗೆ ತೋರುತ್ತದೆ. ಅದೇ ದಾರಿಯಲ್ಲಿ ನಡೆದು ಬಂದವರೊಬ್ಬರು ಈ ಮೌನವನ್ನು ಮುರಿಯುವಷ್ಟು ಸುಲಭವಾಗಿ ಬೇರೆ ಯಾರೂ ಮುರಿಯಲಾರರು, ಏಕೆಂದರೆ ನೀವು ಊಟ ಬಿಟ್ಟದ್ದರಿಂದ ಅವರಿಗೆ ನೋವಾಗುವುದಿಲ್ಲ, ನಿಮ್ಮ ಭಯ ಕೇಳಿ ಅವರು ಕಂಗೆಡುವುದೂ ಇಲ್ಲ.

ನನ್ನ ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯ ನರ್ಸ್ ಒಬ್ಬರು, ಕೆಲವು ವರ್ಷಗಳ ಹಿಂದೆ ಇದೇ ಆಪರೇಷನ್ ಮಾಡಿಸಿಕೊಂಡಿದ್ದ ಹಿರಿಯರೊಬ್ಬರನ್ನು ಪರಿಚಯಿಸಿದರು. ಬಂದವರೆಲ್ಲ 'ಹೇಗಿದ್ದೀರಿ' ಎಂದು ಕೇಳುತ್ತಿದ್ದ ದಿನಗಳಲ್ಲಿ ಅವರು ಕೇಳಿದ್ದು, 'ರಾತ್ರಿ ತಲೆಯ ಕಡೆ ಎಷ್ಟು ಎತ್ತರ ಮಾಡಿಕೊಂಡು ಮಲಗುತ್ತೀರಿ' ಎಂದು. ಈ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಅನ್ನನಾಳದ ಹೆಚ್ಚಿನ ಭಾಗವನ್ನು ತೆಗೆದು, ಜಠರವನ್ನು ಕೊಳವೆಯಂತೆ ಮಾಡಿ ಎದೆಗೆ ಎಳೆದು ಜೋಡಿಸುತ್ತಾರೆ. ಆಮ್ಲ ಮೇಲೇರದಂತೆ ತಡೆಯುತ್ತಿದ್ದ, ಅನ್ನನಾಳದ ಕೆಳತುದಿಯ ಸ್ನಾಯುವಿನ ಬಿಗಿತವೂ ಅದರೊಂದಿಗೆ ಹೋಗುತ್ತದೆ. ಆದ್ದರಿಂದ ಚಪ್ಪಟೆಯಾಗಿ ಮಲಗಿದರೆ ಆಮ್ಲವೋ ಪಿತ್ತವೋ ಗಂಟಲಿಗೆ ಬಂದು ಕೆಮ್ಮಿನಿಂದ ಎಚ್ಚರವಾಗುತ್ತದೆ. ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಿಚಿಕೊಳ್ಳುತ್ತದೆ, ಹಾಸಿಗೆಯ ತಲೆಭಾಗವನ್ನೇ ಎತ್ತರಿಸಬೇಕು, ಮಲಗುವ ಹೊತ್ತಿಗೆ ಊಟವಾಗಿ ಎರಡು ಮೂರು ಗಂಟೆಯಾದರೂ ಕಳೆದಿರಬೇಕು ಎಂದು ಅವರು ಹೇಳಿಕೊಟ್ಟರು.

ಊಟವಾದ ಅರ್ಧ ಗಂಟೆಯೊಳಗೆ ಎದೆ ಬಡಿತ ಜೋರಾಗಿ, ಬೆವರು ಕಿತ್ತುಕೊಂಡು, ಹೊಟ್ಟೆ ನುಲಿದು ಬೇಧಿಯಾಗುತ್ತಿದ್ದುದನ್ನು ನಾನು ಹೃದಯದ ತೊಂದರೆಯೆಂದು ತಿಳಿದು ಬೆದರಿದ್ದೆ. ಅದನ್ನು ಡಂಪಿಂಗ್ ಎನ್ನುತ್ತಾರೆ, ಆಹಾರ ಕರುಳಿಗೆ ಒಮ್ಮೆಲೇ ಇಳಿಯುವುದರಿಂದ ಹಾಗಾಗುತ್ತದೆ ಎಂದು ಅವರು ಮೊದಲು ತಿಳಿಸಿದರು, ವೈದ್ಯರು ಪರೀಕ್ಷಿಸಿ ಖಚಿತಪಡಿಸಿದರು. ಊಟವಾದ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಇಳಿದು ನಡುಕ, ತಲೆಸುತ್ತು ಬರುವ ಇನ್ನೊಂದು ಬಗೆಯೂ ಇದೆ. ಸಿಹಿಯನ್ನು ಕಡಿಮೆ ಮಾಡುವುದು, ಊಟದ ಜೊತೆಗೆ ನೀರು ಕುಡಿಯದೆ ನಡುವೆ ಕುಡಿಯುವುದು, ದಿನಕ್ಕೆ ಮೂರು ದೊಡ್ಡ ಊಟಗಳ ಬದಲು ಆರೇಳು ಸಲ ಸ್ವಲ್ಪ ಸ್ವಲ್ಪ ತಿನ್ನುವುದು, ಇವೆಲ್ಲವೂ ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಇದ್ದವೇ. ಆದರೆ ಅವುಗಳನ್ನು ಪಾಲಿಸಿಕೊಂಡು ಎದುರಿಗೆ ಕುಳಿತಿದ್ದ ಮನುಷ್ಯನನ್ನು ನೋಡಿದಾಗ, ಹೀಗೂ ಬದುಕಬಹುದು, ಕೆಲಸಕ್ಕೆ ಹೋಗಬಹುದು, ಪ್ರಯಾಣ ಮಾಡಬಹುದು ಎಂಬುದು ಮೊದಲ ಬಾರಿಗೆ ನಂಬಿಕೆಗೆ ಬಂತು.

ಇಂಥ ಬೆಂಬಲ ಆಯುಸ್ಸನ್ನು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಯನ್ನು ಸಂಶೋಧಕರು ಗಂಭೀರವಾಗಿ ಪರೀಕ್ಷಿಸಿದ್ದಾರೆ. ದೇಹದ ಇತರ ಭಾಗಗಳಿಗೆ ಹರಡಿದ ಸ್ತನ ಕ್ಯಾನ್ಸರ್ ಇದ್ದ ಮಹಿಳೆಯರಲ್ಲಿ, ಗುಂಪಿನಲ್ಲಿ ಕುಳಿತು ಮನಬಿಚ್ಚಿ ಮಾತನಾಡಿದವರು ಹೆಚ್ಚು ಕಾಲ ಬದುಕಿದರೆಂದು 1989ರ ಒಂದು ಅಧ್ಯಯನ ಹೇಳಿತ್ತು. 2001ರಲ್ಲಿ ಪ್ರಕಟವಾದ, ಇನ್ನೂ ದೊಡ್ಡ ಅಧ್ಯಯನದಲ್ಲಿ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ. ಆದರೆ ಮನಸ್ಸಿನ ಕುಗ್ಗುವಿಕೆ ಮತ್ತು ನೋವಿನ ಅನುಭವ ಕಡಿಮೆಯಾಗಿತ್ತು, ಅದರಲ್ಲೂ ಆರಂಭದಲ್ಲಿ ಹೆಚ್ಚು ಸಂಕಟದಲ್ಲಿದ್ದವರಿಗೆ ಹೆಚ್ಚು ಲಾಭವಾಗಿತ್ತು. ನಮ್ಮ ಕಾಯಿಲೆಗೆ ಹತ್ತಿರವಾದದ್ದು 2021ರಲ್ಲಿ ಪ್ರಕಟವಾದ ಚೀನಾದ ಅಧ್ಯಯನ. ಅನ್ನನಾಳ ಅಥವಾ ಜಠರದ ಕ್ಯಾನ್ಸರ್ ಹರಡಿದ್ದ 328 ರೋಗಿಗಳಲ್ಲಿ, ಕೀಮೋ ಜೊತೆಗೆ ಪೌಷ್ಟಿಕತೆಯ ಮತ್ತು ಮಾನಸಿಕ ಆರೈಕೆಯನ್ನೂ ಮೊದಲಿನಿಂದಲೇ ಪಡೆದವರು ಸರಾಸರಿಯ ಒಂದು ಅಳತೆಯಂತೆ 14.8 ತಿಂಗಳು ಬದುಕಿದರೆ, ಮಾಮೂಲಿ ಚಿಕಿತ್ಸೆ ಪಡೆದವರು 11.9 ತಿಂಗಳು ಬದುಕಿದರು. ಅಲ್ಲಿ ಆರೈಕೆ ಮಾಡಿದ್ದು ತರಬೇತಿ ಪಡೆದ ತಂಡವೇ ಹೊರತು ಸಹರೋಗಿಗಳಲ್ಲ ಎಂಬುದನ್ನು ಮರೆಯಬಾರದು. ಆದ್ದರಿಂದ ಸಹರೋಗಿಗಳ ಮಾತಿನಿಂದ ಸಂಕಟ ಹಗುರವಾಗುವುದನ್ನು ನಿರೀಕ್ಷಿಸಿ. ತೂಕ ಕಾಪಾಡಿಕೊಳ್ಳಲು ಆಹಾರ ತಜ್ಞರನ್ನು, ಮನಸ್ಸು ತೀರಾ ಕುಸಿದಿದ್ದರೆ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಬಿಡದೆ ಕಾಣಿರಿ. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಹೆದರಿಕೆ ಹೆಚ್ಚಾಗುವ ಸಾಧ್ಯತೆಯ ಬಗ್ಗೆ ನೀವು ಕೇಳಿದ್ದು ಸರಿಯಾಗಿಯೇ ಇದೆ. ಇದು ಕಠಿಣ ಕಾಯಿಲೆ. 2020ರ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ ಸುಮಾರು 6 ಲಕ್ಷ ಜನರಿಗೆ ಹೊಸದಾಗಿ ಬಂದಿತ್ತು, ಸುಮಾರು 5.4 ಲಕ್ಷ ಜನ ಇದರಿಂದ ತೀರಿಕೊಂಡಿದ್ದರು. ರೋಗಿಗಳ ಗುಂಪಿಗೆ ಸೇರಿದರೆ ಪರಿಚಯವಾದವರು ತೀರಿಕೊಂಡ ಸುದ್ದಿಯೂ ಬರುತ್ತದೆ, ಮತ್ತು ಆ ದಿನ ಏನನ್ನೂ ಮಾಡಲು ಮನಸ್ಸಾಗುವುದಿಲ್ಲ. ಸ್ಕ್ಯಾನ್ ಹತ್ತಿರವಿದ್ದಾಗ ನಾನು ಗುಂಪಿನಿಂದ ದೂರವಿರುತ್ತೇನೆ, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಇನ್ನೊಬ್ಬರ ಕಾಯಿಲೆಯ ಹಾದಿಯನ್ನು ನಿಮ್ಮದೆಂದು ಓದಿಕೊಳ್ಳುವುದು ಇದಕ್ಕಿಂತ ದೊಡ್ಡ ಅಪಾಯ. ಈ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ: ಹೆಚ್ಚಾಗಿ ಮೇಲಿನ ಮತ್ತು ನಡುವಿನ ಭಾಗದಲ್ಲಿ ಕಾಣಿಸುವ ಸ್ಕ್ವೇಮಸ್ ಕಾರ್ಸಿನೋಮ, ಹೆಚ್ಚಾಗಿ ಕೆಳಭಾಗದಲ್ಲಿ ಕಾಣಿಸುವ ಅಡಿನೋಕಾರ್ಸಿನೋಮ. ಬಗೆ, ಹಂತ, ಜಾಗ ಮತ್ತು ರೋಗಿಯ ಶಕ್ತಿಯನ್ನು ನೋಡಿ ಚಿಕಿತ್ಸೆ ಬದಲಾಗುತ್ತದೆ. ಒಬ್ಬರಿಗೆ ಸುಮಾರು ಐದು ವಾರ ರೇಡಿಯೇಷನ್ ಜೊತೆಗೆ ಕೀಮೋ ಕೊಟ್ಟು ಆಮೇಲೆ ಆಪರೇಷನ್ ಮಾಡಬಹುದು, ಇನ್ನೊಬ್ಬರಿಗೆ ಆಪರೇಷನ್ನಿನ ಹಿಂದೆ ಮುಂದೆ ಕೀಮೋ ಮಾತ್ರ ಕೊಡಬಹುದು, ಮತ್ತೊಬ್ಬರಿಗೆ ಆಪರೇಷನ್ನೇ ಇಲ್ಲದೆ ಚಿಕಿತ್ಸೆ ಮುಗಿಯಬಹುದು. 'ನನಗೆ ಹೀಗೆ ಮಾಡಲಿಲ್ಲವಲ್ಲ' ಎಂಬ ಕಳವಳ ಬಂದರೆ ಅದನ್ನು ವೈದ್ಯರ ಮುಂದೆ ಪ್ರಶ್ನೆಯಾಗಿ ಇಡಿ. ಹಾಗೆಯೇ ಚಿಕಿತ್ಸೆಯ ನಂತರ ಆಹಾರ ಮತ್ತೆ ಸಿಕ್ಕಿಕೊಳ್ಳಲು ಆರಂಭಿಸಿದರೆ, ಅದು ಜೋಡಿಸಿದ ಜಾಗ ಕಿರಿದಾದದ್ದೋ, ಅಂದರೆ ಎಂಡೋಸ್ಕೋಪಿಯಲ್ಲಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ) ಹಿಗ್ಗಿಸಿ ಸರಿಪಡಿಸಬಹುದಾದದ್ದೋ, ಅಥವಾ ಕಾಯಿಲೆ ಮರಳಿದ್ದೋ ಎಂಬುದನ್ನು ಎಷ್ಟೇ ಅನುಭವವಿರುವ ಸಹರೋಗಿಯೂ ಹೇಳಲಾರರು. ಕ್ಯಾನ್ಸರನ್ನು ಉಪವಾಸ ಕೆಡವಬೇಕೆಂದು ಊಟ ಬಿಡಿಸುವವರ ಮಾತನ್ನಂತೂ ದಯವಿಟ್ಟು ಕೇಳಬೇಡಿ. ಮೊದಲೇ ತೂಕ ಕಳೆದುಕೊಂಡಿರುವ ದೇಹಕ್ಕೆ ಕೀಮೋ ತಾಳಿಕೊಳ್ಳುವ ಶಕ್ತಿಯೇ ಇಲ್ಲದಂತಾಗುತ್ತದೆ.

ಮನೆಯವರಿಗೂ ಇದೇ ಬಗೆಯ ಜೊತೆ ಬೇಕು. ಆ ಹಿರಿಯರ ಪತ್ನಿ ನನ್ನ ಪತ್ನಿಯೊಡನೆ ಮಾತನಾಡಿದ್ದು ನಮ್ಮ ಮನೆಯಲ್ಲಿ ಯಾವ ಔಷಧಿಗಿಂತಲೂ ಹೆಚ್ಚು ಕೆಲಸ ಮಾಡಿತು. ಹಸಿವನ್ನು ಹುಟ್ಟಿಸುವ ಹಾರ್ಮೋನು ಬಹುಪಾಲು ಜಠರದಲ್ಲಿಯೇ ತಯಾರಾಗುತ್ತದೆ, ಈ ಆಪರೇಷನ್ನಿನ ನಂತರ ಅದು ಕಡಿಮೆಯಾಗುತ್ತದೆ, ಆದ್ದರಿಂದ ಹಸಿವೇ ಆಗದೆ ಗಡಿಯಾರ ನೋಡಿ ತಿನ್ನಬೇಕಾಗುತ್ತದೆ ಎಂದು ಅವರು ತಮ್ಮ ಮನೆಯ ಅನುಭವದೊಂದಿಗೆ ವಿವರಿಸಿದರು. 'ನಾನು ಮಾಡಿದ್ದು ರುಚಿಸುತ್ತಿಲ್ಲ' ಎಂದು ಒಳಗೊಳಗೇ ಕೊರಗುತ್ತಿದ್ದ ಆಕೆಗೆ ಅದರಿಂದ ದೊಡ್ಡ ಹೊರೆ ಇಳಿಯಿತು. ನಾನು ನೂರು ಸಲ ಹೇಳಿದ್ದರೂ ಅದು ಸಮಾಧಾನದ ಮಾತಾಗುತ್ತಿತ್ತೇ ಹೊರತು ಆಕೆ ನಂಬುತ್ತಿರಲಿಲ್ಲ. ಅಂದಿನಿಂದ ತಟ್ಟೆಯಲ್ಲಿ ಉಳಿದದ್ದರ ಬಗ್ಗೆ ಮಾತನಾಡುವುದು ನಿಂತಿತು, ಬೇರೆ ವಿಷಯಗಳ ಬಗ್ಗೆ ಮಾತನಾಡಲು ಜಾಗವಾಯಿತು. ಸಹಾಯ ಮಾಡಲು ಬಂದು ಏನು ಮಾಡಬೇಕೆಂದು ತೋಚದೆ ನಿಲ್ಲುವ ನೆಂಟರಿಗೆ, ಸ್ನೇಹಿತರಿಗೆ ನಿರ್ದಿಷ್ಟ ಕೆಲಸ ಕೊಡಿ: ಒಂದು ದಿನ ರೇಡಿಯೇಷನ್ನಿಗೆ ಜೊತೆ ಬರುವುದು, ವೈದ್ಯರು ಹೇಳಿದ್ದನ್ನು ಬರೆದುಕೊಳ್ಳುವುದು, ಮನೆಯವರಿಗೆ ಅರ್ಧ ದಿನ ವಿಶ್ರಾಂತಿ ಕೊಡಿಸುವುದು.

ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದು, 'ನಾನೇ ತಂದುಕೊಂಡದ್ದು' ಎಂಬ ಭಾವ ನಿಮ್ಮನ್ನು ಯಾರೊಡನೆಯೂ ಮಾತನಾಡದಂತೆ ತಡೆಯುತ್ತಿದ್ದರೆ, ಅದನ್ನೂ ಹೇಳಿಕೊಳ್ಳಬಹುದಾದ ಜಾಗ ಇದೇ. ಅವು ಅಪಾಯವನ್ನು ಹೆಚ್ಚಿಸುತ್ತವೆ ಎಂಬುದು ನಿಜ. ಅವುಗಳ ಹತ್ತಿರ ಸುಳಿಯದವರಿಗೂ ಈ ಕಾಯಿಲೆ ಬರುತ್ತದೆ ಎಂಬುದೂ ಅಷ್ಟೇ ನಿಜ. ಆರೈಕೆ ಪಡೆಯುವ ಹಕ್ಕು ಇಬ್ಬರಿಗೂ ಒಂದೇ.

ನಿಮ್ಮ ಕಾಯಿಲೆ ಯಾವ ಹಂತದಲ್ಲಿದೆಯೆಂದು ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಪೂರ್ತಿ ಗುಣಪಡಿಸುವುದು ಸಾಧ್ಯವಿಲ್ಲವೆಂದು ವೈದ್ಯರು ಹೇಳಿದ್ದರೂ ಮಾಡುವುದು ಬಹಳವಿರುತ್ತದೆ. ದಾರಿ ಮುಚ್ಚಿಕೊಂಡ ಜಾಗದಲ್ಲಿ ಸ್ಟೆಂಟ್ ಎಂಬ ಜಾಲರಿಯ ಕೊಳವೆಯನ್ನು ಇಟ್ಟರೆ ಹಲವರು ಮತ್ತೆ ಬಾಯಲ್ಲಿ ತಿನ್ನಬಲ್ಲರು, ನುಂಗಲು ಅನುಕೂಲವಾಗಲೆಂದೇ ಸ್ವಲ್ಪ ಪ್ರಮಾಣದ ರೇಡಿಯೇಷನ್ ಕೊಡುವುದೂ ಇದೆ. ಉಪಶಾಮಕ ಆರೈಕೆ ಎಂದರೆ ಕೈಬಿಟ್ಟರು ಎಂದರ್ಥವಲ್ಲ. ನೋವು, ವಾಂತಿ, ನಿದ್ರೆ, ಭಯ ಇವುಗಳನ್ನೇ ಮುಖ್ಯವಾಗಿ ನೋಡಿಕೊಳ್ಳುವ ತಂಡ ಅದು. ಚಿಕಿತ್ಸೆಯ ಆರಂಭದಿಂದಲೇ ಅವರನ್ನು ಕಾಣಬಹುದು.

ಎಲ್ಲಿಂದ ಆರಂಭಿಸುವುದು ಎಂಬುದಕ್ಕೆ ನನ್ನ ಸಲಹೆ ಇಷ್ಟು. ಮೊದಲಿಗೇ ದೊಡ್ಡ ಗುಂಪಿಗೆ ಹೋಗಬೇಡಿ. ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರನ್ನೋ ನರ್ಸನ್ನೋ ಕೇಳಿ: ನನಗೆ ಸೂಚಿಸಿರುವ ಚಿಕಿತ್ಸೆಯನ್ನೇ ಮುಗಿಸಿ ಕನಿಷ್ಠ ಒಂದು ವರ್ಷವಾದ, ಮಾತನಾಡಲು ಒಪ್ಪುವ ಯಾರಾದರೂ ಇದ್ದಾರೆಯೇ ಎಂದು. ಒಂದು ವರ್ಷ ಎಂದು ಹೇಳುತ್ತಿರುವುದು ಏಕೆಂದರೆ, ಮೊದಲ ಕೆಲವು ತಿಂಗಳು ಊಟ ಹೊಂದಿಕೊಳ್ಳದೆ ಎಲ್ಲರೂ ಬಳಲಿರುತ್ತಾರೆ, ಆ ನಂತರದ ಬದುಕನ್ನೂ ಕಂಡವರ ಮಾತು ನಿಮಗೆ ಈಗ ಹೆಚ್ಚು ಬೇಕು. ಅವರ ಮನೆಯವರು ನಿಮ್ಮ ಮನೆಯವರೊಡನೆ ಮಾತನಾಡಬಹುದೇ ಎಂದೂ ವಿಚಾರಿಸಿ. ಅದೇ ಭೇಟಿಯಲ್ಲಿ ಆಹಾರ ತಜ್ಞರನ್ನು ಕಾಣಲು ದಿನ ಗೊತ್ತುಮಾಡಿಕೊಳ್ಳಿ, ಈಗ ಏನೇನು ನುಂಗಲು ಆಗುತ್ತಿದೆ, ಯಾವುದು ನಿಲ್ಲುತ್ತಿದೆ, ತೂಕ ಎಷ್ಟು ಇಳಿದಿದೆ ಎಂಬುದನ್ನು ಬರೆದು ತೆಗೆದುಕೊಂಡು ಹೋಗಿ. ನೀರು ಕೂಡ ಇಳಿಯದಂತಾದರೆ ಆ ದಿನಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.