ಅರ್ಧ ಶ್ಲೋಕದ ಕಾಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇದ್ವು. ಯಾರೋ ಇನ್ಯಾರಿಗೋ ಒಂದು ಶ್ಲೋಕ ಹೇಳಿ ಬಾಯಿ ಮುಚ್ಚಿಸಿದ್ದಾರೆ, ಬಾಯಿ ಮುಚ್ಚಿಸ್ಕೊಂಡವರು ನಮಗೆ ಬರ್ದಿದ್ದಾರೆ. ಒಬ್ಬೊಬ್ಬರದ್ದಾಗಿ ನೋಡೋಣ.

ಪ್ರಶ್ನೆ: ಒಂದು ಕಂಪನಿಯಲ್ಲಿ ಆರು ವರ್ಷದಿಂದ ಇದ್ದೀನಿ, ಎರಡು ವರ್ಷ ಆಯ್ತು ಇಂಕ್ರಿಮೆಂಟ್ ಇಲ್ಲ. ಮೊನ್ನೆ ಮೀಟಿಂಗಲ್ಲಿ ಕೇಳಿದ್ದಕ್ಕೆ ಮ್ಯಾನೇಜರ್ ನಗ್ತಾ "ಕರ್ಮಣ್ಯೇವಾಧಿಕಾರಸ್ತೇ ಅಂತ ಭಗವಂತನೇ ಹೇಳಿದ್ದಾನಲ್ರೀ, ಫಲದ ಯೋಚನೆ ಯಾಕೆ" ಅಂದ್ರು. ಎಲ್ಲಾರೂ ನಕ್ರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಗೀತೆ ಮೇಲೇ ಸಿಟ್ಟು ಬಂತು. ಸಂಬಳ ಜಾಸ್ತಿ ಕೇಳೋದು ಫಲಾಪೇಕ್ಷೆನಾ?

ಉತ್ತರ: ಗೀತೆ ಮೇಲೆ ಯಾಕೆ ಸಿಟ್ಟು, ಪಾಪ ಅದೇನು ಮಾಡಿತ್ತು. ನಿಮ್ಮ ಮ್ಯಾನೇಜರ್ ಹೇಳಿದ್ದು ಎರಡನೇ ಅಧ್ಯಾಯದ 47ನೇ ಶ್ಲೋಕ, ಅದಕ್ಕೆ ನಾಲ್ಕು ಪಾದ ಇದೆ, ಅವರಿಗೆ ಬಾಯಿಗೆ ಬಂದಿದ್ದು ಒಂದೂವರೆ. ಕೊನೇ ಪಾದ "ಮಾ ತೇ ಸಂಗೋಽಸ್ತ್ವಕರ್ಮಣಿ". ಅಂದ್ರೆ ಏನೂ ಮಾಡದೆ ಸುಮ್ನೆ ಕೂರೋದಕ್ಕೂ ಅಂಟ್ಕೋಬೇಡ ಅಂತ. ಇದನ್ನ ಮೀಟಿಂಗಲ್ಲಿ ಯಾರೂ ಹೇಳಲ್ಲ ನೋಡಿ. ನನಗನ್ಸೋ ಪ್ರಕಾರ ಹಕ್ಕಿನದ್ದು ಕೇಳದೆ ಎರಡು ವರ್ಷ ಒಳಗೊಳಗೇ ಕುದೀತಾ ಕೂತಿದ್ರಲ್ಲ, ಅಕರ್ಮ ಅಂದ್ರೆ ಅದೂ ಸೇರುತ್ತೆ.

ಇನ್ನೊಂದು ವಿಷಯ. ಈ ಶ್ಲೋಕ ಹೇಳಿದ ಕೃಷ್ಣ ಅದಕ್ಕೆ ಸ್ವಲ್ಪ ಮುಂಚೆ ಏನು ಮಾಡಿದ್ದ? ಮಹಾಭಾರತದ ಉದ್ಯೋಗಪರ್ವ ತೆಗೆದು ನೋಡಿ, ಪಾಂಡವರ ಪಾಲು ಕೇಳೋಕೆ ಅಂತಾನೇ ಹಸ್ತಿನಾವತಿಯ ಸಭೆಗೆ ಸಂಧಾನಕ್ಕೆ ಹೋಗಿದ್ದ. ಪಾಂಡವರು ಐದು ಊರು ಕೊಟ್ರೂ ಸಾಕು ಅನ್ನೋ ಮಟ್ಟಕ್ಕೆ ಇಳಿದಿದ್ರು, ದುರ್ಯೋಧನ ಸೂಜಿ ಮೊನೆಯಷ್ಟು ನೆಲ ಕೂಡ ಬಿಡಲ್ಲ ಅಂದ. ಕೇಳೋದೇ ತಪ್ಪು ಅನ್ನೋದಾಗಿದ್ರೆ ಆ ಪಯಣನೇ ಇರ್ತಿರ್ಲಿಲ್ಲ. ಹೊರಡೋ ಮುಂಚೆ ಕೃಷ್ಣ ಅರ್ಜುನನಿಗೆ ಹೇಳ್ತಾನೆ, ಮನುಷ್ಯ ಪ್ರಯತ್ನದಿಂದ ಏನಾಗುತ್ತೋ ಅಷ್ಟನ್ನ ಪೂರ್ತಿ ಮಾಡ್ತೀನಿ, ದೈವದ ಕೆಲಸ ನನ್ನ ಕೈಲಾಗಲ್ಲ, ರೈತ ಹೊಲ ಎಷ್ಟೇ ಚೆನ್ನಾಗಿ ಹಸನು ಮಾಡಿದ್ರೂ ಮಳೆ ಬರದಿದ್ರೆ ಬೆಳೆ ಇಲ್ಲ ಅಂತ. ನನ್ನ ಮಟ್ಟಿಗೆ ಕರ್ಮಣ್ಯೇವಾಧಿಕಾರಸ್ತೇಗೆ ಇದಕ್ಕಿಂತ ಒಳ್ಳೇ ಭಾಷ್ಯ ಬೇಕಾಗಿಲ್ಲ. ಗೀತೆ 18ನೇ ಅಧ್ಯಾಯದಲ್ಲೂ ಒಂದು ಕೆಲಸ ಆಗೋಕೆ ಐದು ಕಾರಣ ಎಣಿಸಿದ್ದಾರೆ, ಅದರಲ್ಲಿ ದೈವ ಐದನೇದು, ಮಾಡೋನು, ಸಾಧನ, ಪ್ರಯತ್ನ ಎಲ್ಲಾ ಅದಕ್ಕಿಂತ ಮುಂಚೆ ಬರುತ್ತೆ.

ಸೋ ನಿಮ್ಮ ಹೊಲ ಹಸನು ಮಾಡ್ಕೊಳ್ಳಿ. ಎರಡು ವರ್ಷದಲ್ಲಿ ಏನೇನು ಕೆಲಸ ಮುಗಿಸಿದ್ರಿ, ಯಾರ ಕೆಲಸನೂ ಸೇರಿಸಿ ಮಾಡಿದ್ರಿ, ತಾರೀಖು ಸಮೇತ ಒಂದು ಹಾಳೆಲಿ ಬರೀರಿ, ಎಲ್ಲರ ಎದುರು ಬೇಡ, ಒಬ್ಬರೇ ಕೂತಿರೋವಾಗ ಕೇಳಿ, ಕೇಳಿದ್ದನ್ನ ಆಮೇಲೆ ಈಮೇಲಲ್ಲೂ ಹಾಕಿ. ಅಲ್ಲಿಗೆ ನಿಮ್ಮ ಅಧಿಕಾರ ಮುಗೀತು. ಹೂಂ ಅಂತಾರೋ ಊಹೂಂ ಅಂತಾರೋ ಅಂತ ರಾತ್ರಿ ಎರಡು ಗಂಟೆಗೆ ಎದ್ದು ಫೋನ್ ನೋಡೋದಿದ್ಯಲ್ಲ, ಅದನ್ನ ಬಿಡು ಅಂತ ಶ್ಲೋಕ ಹೇಳ್ತಿರೋದು. ಊಹೂಂ ಅಂದ್ರೆ ಬೇರೆ ಕಡೆ ಹುಡುಕೋದೂ ಕರ್ಮನೇ. ಮತ್ತೆ ಒಂದು ಮಾತು, ಕೊಡಬೇಕಾದವನು ಈ ಶ್ಲೋಕನ ಇಸ್ಕೊಳ್ಳೋನಿಗೆ ಹೇಳಬಾರದು. ಕೃಷ್ಣ ಅದನ್ನ ಅರ್ಜುನನಿಗೆ ಅರ್ಜುನನ ಬಗ್ಗೆ ಹೇಳಿದ್ದು, ಸೈನಿಕರ ಸಂಬಳ ಹಿಡ್ಕೊಳ್ಳೋಕೆ ಅಲ್ಲ.

ಪ್ರಶ್ನೆ: "ಆದದ್ದೆಲ್ಲಾ ಒಳ್ಳೆಯದಕ್ಕೇ ಆಯಿತು, ನೀನೇನು ತಂದಿದ್ದೆ ಕಳೆದುಕೊಳ್ಳೋಕೆ" ಅಂತ ಗೀತಾಸಾರದ ಫೋಟೋ ವಾಟ್ಸಾಪಲ್ಲಿ ದಿನಾ ಬರುತ್ತೆ. ಅದು ಎಷ್ಟನೇ ಅಧ್ಯಾಯ?

ಉತ್ತರ: ಯಾವ ಅಧ್ಯಾಯನೂ ಅಲ್ಲ. 700 ಶ್ಲೋಕದಲ್ಲಿ ಎಲ್ಲೂ ಇಲ್ಲ. ದುಃಖದಲ್ಲಿರೋರಿಗೆ ಅದರಿಂದ ಸಮಾಧಾನ ಆಗಿದ್ರೆ ಸಂತೋಷ, ಆದ್ರೆ ಕೃಷ್ಣನ ಹೆಸರಲ್ಲಿ ಫಾರ್ವರ್ಡ್ ಮಾಡ್ಬೇಡಿ. ಆದದ್ದೆಲ್ಲಾ ಒಳ್ಳೆಯದಕ್ಕೇ ಅನ್ನೋದಾದ್ರೆ ದ್ರೌಪದಿಗೆ ಸಭೇಲಿ ಆದದ್ದೂ ಒಳ್ಳೆಯದಕ್ಕೇನಾ, ಕೇಳಿ ನೋಡಿ ಕಳ್ಸಿದವರನ್ನ.

ಪ್ರಶ್ನೆ: ನಾನು ಮನೆಗೆ ದೊಡ್ಡ ಮಗಳು, ದುಡೀತೀನಿ. ತಮ್ಮ ಕೇಳ್ದೆ ನನ್ನ ಸ್ಕೂಟರ್ ತಗೊಂಡು ಹೋಗ್ತಾನೆ, ಪೆಟ್ರೋಲ್ ಖಾಲಿ ಮಾಡಿ ತಂದು ನಿಲ್ಲಿಸ್ತಾನೆ, ಒಂದ್ಸಲ ಬೀಳಿಸಿ ಕನ್ನಡಿ ಮುರ್ದು ಹೇಳ್ಲೂ ಇಲ್ಲ. ಸಾಲ ಅಂತ ತಗೊಂಡ ದುಡ್ಡು ವಾಪಸ್ ಬಂದಿದ್ದೇ ಇಲ್ಲ. ನಾನು ಏನಾದ್ರೂ ಅಂದ್ರೆ ಅಮ್ಮ "ಕ್ಷಮೆಯೇ ಧರ್ಮ ಕಣೇ, ಧರ್ಮರಾಯನ್ನ ನೋಡಿ ಕಲಿ" ಅಂತಾರೆ. ಎಷ್ಟು ಅಂತ ಕ್ಷಮಿಸ್ಲಿ ಸಾರ್?

ಉತ್ತರ: ನಿಮ್ಮ ಅಮ್ಮ ಧರ್ಮರಾಯನ ಹೆಸರು ತೆಗೆದಿದ್ದು ಒಳ್ಳೇದೇ ಆಯ್ತು ತಂಗಿ, ಯಾಕಂದ್ರೆ ನಿಮ್ಮ ಪ್ರಶ್ನೆನೇ ಕಾಡಲ್ಲಿ ದ್ರೌಪದಿ ಆ ಧರ್ಮರಾಯನಿಗೇ ಕೇಳಿದ್ದಾಳೆ. ವನಪರ್ವ. ರಾಜ್ಯ ಹೋಗಿ ಕಾಡಲ್ಲಿ ಕೂತಿದ್ದಾರೆ, ಗಂಡನಿಗೆ ಸಿಟ್ಟೇ ಬರ್ತಿಲ್ಲ, ಇವಳಿಗೆ ಹೊಟ್ಟೆ ಉರೀತಿದೆ. ಆಗ ಅವಳು ಒಂದು ಹಳೇ ಮಾತುಕತೆ ನೆನಪಿಸ್ತಾಳೆ. ಬಲಿ ತನ್ನ ತಾತ ಪ್ರಹ್ಲಾದನ್ನ ಕೇಳ್ತಾನೆ, ಕ್ಷಮೆ ದೊಡ್ಡದಾ ತೇಜಸ್ಸು ದೊಡ್ಡದಾ ಅಂತ. ಪ್ರಹ್ಲಾದ ಅಂದ್ರೆ ಯಾರು, ಅಷ್ಟು ಕಷ್ಟ ಕೊಟ್ಟ ಅಪ್ಪನಿಗೂ ಕೇಡು ಬಯಸದೆ ಇದ್ದೋನು, ಕ್ಷಮೆ ಬಗ್ಗೆ ಅವನಿಗಿಂತ ಯಾರಿಗೆ ಗೊತ್ತಿರುತ್ತೆ. ಅಂಥವನು ಕೊಟ್ಟ ಉತ್ತರ "ನ ಶ್ರೇಯಃ ಸತತಂ ತೇಜೋ ನ ನಿತ್ಯಂ ಶ್ರೇಯಸೀ ಕ್ಷಮಾ". ಯಾವಾಗ್ಲೂ ಸಿಡಿಯೋದೂ ಒಳ್ಳೇದಲ್ಲ, ಯಾವಾಗ್ಲೂ ಕ್ಷಮಿಸೋದೂ ಒಳ್ಳೇದಲ್ಲ.

ಆಮೇಲೆ ಬರೋದು ನಿಮ್ಮ ಮನೆ ಕಥೆ. ಯಾವಾಗ್ಲೂ ಕ್ಷಮಿಸೋನ ಗತಿ ಏನಾಗುತ್ತೆ ಅಂತ ಪ್ರಹ್ಲಾದ ಪಟ್ಟಿ ಹೇಳ್ತಾನೆ: ಆಳುಕಾಳುಗಳು ಲೆಕ್ಕಕ್ಕೇ ಇಡಲ್ಲ, ಅವನ ವಾಹನ, ಬಟ್ಟೆ, ಒಡವೆ, ಹಾಸಿಗೆ, ಆಸನ, ಊಟ ಎಲ್ಲಾನೂ ಮನಸ್ಸಿಗೆ ಬಂದ ಹಾಗೆ ಎತ್ಕೊಂಡು ಹೋಗ್ತಾರೆ, ಕೊಡು ಅಂದಿದ್ದನ್ನ ಕೊಡಲ್ಲ. ಪಟ್ಟಿಯಲ್ಲಿ ಮೊದಲನೇದೇ ವಾಹನ! ಇದನ್ನ ಓದಿದಾಗೆಲ್ಲ ನನಗೆ ನಗು ಬರುತ್ತೆ, ಎಷ್ಟು ಸಾವಿರ ವರ್ಷದಿಂದ ಗಾಡಿ ಕೇಳ್ದೆ ಎತ್ಕೊಂಡು ಹೋಗ್ತಿದ್ದಾರೆ ಜನ.

ಹಾಗಂತ ತಮ್ಮನ ಮೇಲೆ ಎಗರಾಡಿ ಅಂತಿಲ್ಲ, ಯಾವಾಗ್ಲೂ ಉರಿಯೋನಿಗೂ ಅದೇ ಜಾಗದಲ್ಲಿ ಅಷ್ಟೇ ಉದ್ದದ ಬೈಗುಳ ಇದೆ, ಅಂಥವನನ್ನ ಕಂಡ್ರೆ ಜನ ಮನೆಗೆ ಹಾವು ನುಗ್ಗಿದ ಹಾಗೆ ಹೆದರ್ತಾರೆ ಅಂತಾನೆ. ಯಾರನ್ನ ಕ್ಷಮಿಸ್ಬೇಕು ಅಂತಾನೂ ಪ್ರಹ್ಲಾದ ಬಿಡಿಸಿ ಹೇಳ್ತಾನೆ. ಹಿಂದೆ ನಿನಗೆ ಉಪಕಾರ ಮಾಡಿದೋನು ತಪ್ಪು ಮಾಡಿದ್ರೆ ಕ್ಷಮಿಸು. ತಿಳೀದೆ ಮಾಡಿದ್ರೆ ಕ್ಷಮಿಸು. ಮೊದಲನೇ ತಪ್ಪು ಆದ್ರೆ ಕ್ಷಮಿಸು. ಎರಡನೇ ಸಲ ಬೇಕಂತ ಮಾಡಿದ್ರೆ ತಪ್ಪು ಸಣ್ಣದಾದ್ರೂ ಬಿಡ್ಬೇಡ. ತಮ್ಮನ ಕನ್ನಡಿ ಎಷ್ಟನೇ ತಪ್ಪು ಅಂತ ನೀವೇ ಎಣಿಸ್ಕೊಳ್ಳಿ. ಸ್ಕೂಟರ್ ಕೀ ನಿಮ್ಮ ಬ್ಯಾಗಲ್ಲಿರ್ಲಿ, ಹಳೇ ದುಡ್ಡು ಬರೋ ತನಕ ಹೊಸದು ಇಲ್ಲ ಅಂತ ಒಂದೇ ಸಲ, ದನಿ ಏರಿಸ್ದೆ ಹೇಳಿ. ದಂಡ ಅಂದ್ರೆ ಮನೆಯೊಳಗೆ ಇಷ್ಟೇ.

ನಿಮ್ಮ ಅಮ್ಮ ಹೇಳಿದ್ದು ಸುಳ್ಳೂ ಅಲ್ಲ ಮತ್ತೆ. ದ್ರೌಪದಿ ಮಾತಿಗೆ ಧರ್ಮರಾಯ ಉತ್ತರ ಕೊಡ್ತಾನೆ, "ಕ್ಷಮಾ ಧರ್ಮಃ ಕ್ಷಮಾ ಯಜ್ಞಃ" ಅಂತ ಹೇಳಿ ಕ್ಷಮೆನ ಆಕಾಶಕ್ಕೇರಿಸ್ತಾನೆ. ದ್ರೌಪದಿ ಒಪ್ಪಲ್ಲ, ವಾದ ಮುಂದುವರಿಯುತ್ತೆ. ವ್ಯಾಸರು ಎರಡನ್ನೂ ಇಟ್ಟಿದ್ದಾರೆ, ಅಮ್ಮ ಗಂಡನ ಭಾಗ ಓದ್ಕೊಂಡು ಹೆಂಡ್ತಿ ಭಾಗ ಬಿಟ್ಟಿದ್ದಾರೆ.

ಪ್ರಶ್ನೆ: ಸಿಟ್ಟು ಬಂದಾಗ ತಡ್ಕೊಳ್ಳೋಕೆ ಆಗಲ್ಲ. ಹತ್ತರ ತನಕ ಎಣಿಸೋದೆಲ್ಲ ಮಾಡ್ದೆ. ಶಾಸ್ತ್ರದಲ್ಲಿ ಏನಾದ್ರೂ ಉಪಾಯ ಇದ್ಯಾ?

ಉತ್ತರ: ಗೀತೆಯ ಎರಡನೇ ಅಧ್ಯಾಯದ 62, 63 ನೋಡಿ. ಸಿಟ್ಟಿಂದ ಸಮ್ಮೋಹ, ಅದರಿಂದ ನೆನಪು ಕೆಟ್ಟು, ಬುದ್ಧಿ ಹೋಗಿ, ಕೊನೆಗೆ ನಾಶ. ಇಷ್ಟು ಎಲ್ಲರಿಗೂ ಗೊತ್ತು. ಆದ್ರೆ ಸರಪಳಿ ಸಿಟ್ಟಿಂದ ಶುರುವಾಗಲ್ಲ, "ಧ್ಯಾಯತೋ ವಿಷಯಾನ್" ಅಂತ ಶುರುವಾಗುತ್ತೆ. ಒಂದು ವಿಷಯನ ಮನಸ್ಸಲ್ಲಿ ತಿರುಗಿಸ್ತಾ ತಿರುಗಿಸ್ತಾ ಅಂಟು, ಅಂಟಿಂದ ಆಸೆ, ಆಸೆ ನಡೀದಿದ್ರೆ ಸಿಟ್ಟು. ಸಿಟ್ಟು ನಾಲ್ಕನೇ ಮೆಟ್ಟಿಲು, ನೀವು ಹತ್ತು ಎಣಿಸೋ ಹೊತ್ತಿಗೆ ಮೂರು ಇಳಿದಾಗಿರುತ್ತೆ. ಯಾರೋ ಬೆಳಿಗ್ಗೆ ಒಂದು ಮೆಸೇಜ್ ಹಾಕಿರ್ತಾರೆ, ಅದನ್ನ ಊಟ ಮಾಡ್ತಾ ಒಂದ್ಸಲ, ಮಲಗೋ ಮುಂಚೆ ಇನ್ನೊಂದ್ಸಲ ತೆಗೆದು ಓದ್ತೀವಿ, ಸ್ಕ್ರೀನ್‌ಶಾಟ್ ತೆಗೆದು ಫ್ರೆಂಡಿಗೆ ಕಳಿಸ್ತೀವಿ, ಅವರು ಇನ್ನಷ್ಟು ಉಪ್ಪು ಖಾರ ಹಾಕ್ತಾರೆ. ಇದು ಧ್ಯಾನನೇ ಕಣ್ರೀ, ಧ್ಯಾನಿಸ್ತಿರೋ ದೇವರು ಮಾತ್ರ ತಪ್ಪು ಅಷ್ಟೇ. ಕತ್ತರಿಸೋ ಜಾಗ ಅಲ್ಲಿ. ಮೂರನೇ ಸಲ ಓದೋಕೆ ಕೈ ಹೋಗುತ್ತಲ್ಲ, ಆಗ ಫೋನ್ ಇನ್ನೊಂದು ರೂಮಲ್ಲಿಟ್ಟು ಬನ್ನಿ. ಕಷ್ಟ ಅಂತ ಗೊತ್ತು, ಮನಸ್ಸು ಹಿಡಿಯೋದು ಗಾಳಿ ಹಿಡಿದಂಗೆ ಅಂತ ಅರ್ಜುನನೇ ಆರನೇ ಅಧ್ಯಾಯದಲ್ಲಿ ಕೈ ಚೆಲ್ಲಿದ್ದಾನೆ. ಕೃಷ್ಣ ಅದನ್ನ ಅಲ್ಲಗಳೆಯಲ್ಲ, ಹೌದಪ್ಪ ಕಷ್ಟನೇ ಅಂತ ಒಪ್ಕೊಂಡು, ಆಮೇಲೆ ಅಭ್ಯಾಸ, ವೈರಾಗ್ಯ ಅಂತಾನೆ.

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಏನು ಹೇಳಿದ್ರೂ ಎದುರು ಮಾತು. "ಪಿತೃದೇವೋ ಭವ ಅಂತ ಉಪನಿಷತ್ತೇ ಹೇಳುತ್ತೆ" ಅಂದೆ, "ಹಂಗಾದ್ರೆ ನೀವ್ಯಾಕೆ ತಾತನ ಹತ್ರ ಹಂಗೆ ಮಾತಾಡ್ತೀರಾ" ಅಂದ. ಕಪಾಳಕ್ಕೆ ಹೊಡೆಯೋಕೆ ಕೈ ಎತ್ತಿದ್ದೆ, ಹೊಡೀಲಿಲ್ಲ. ಮೂರು ದಿನದಿಂದ ಮಾತಿಲ್ಲ.

ಉತ್ತರ: ಕೈ ಎತ್ತಿ ಇಳಿಸಿದ್ರಲ್ಲ, ಒಳ್ಳೇದಾಯ್ತು. ಆ ಮಾತು ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯ 11ನೇ ಅನುವಾಕದ್ದು, ಓದು ಮುಗಿಸಿ ಹೊರಡೋ ಹುಡುಗರಿಗೆ ಗುರು ಹೇಳೋದು. ಮಾತೃದೇವೋ ಭವ, ಪಿತೃದೇವೋ ಭವ, ಆಚಾರ್ಯದೇವೋ ಭವ, ಅತಿಥಿದೇವೋ ಭವ. ಅದಾಗಿ ಎರಡು ಉಸಿರಿಗೆ ಅದೇ ಗುರು ಏನಂತಾನೆ ಗೊತ್ತಾ, "ಯಾನ್ಯಸ್ಮಾಕಂ ಸುಚರಿತಾನಿ ತಾನಿ ತ್ವಯೋಪಾಸ್ಯಾನಿ, ನೋ ಇತರಾಣಿ". ನಮ್ಮಲ್ಲಿ ಒಳ್ಳೇ ನಡತೆ ಯಾವ್ಯಾವುದಿದೆಯೋ ಅದನ್ನ ಮಾತ್ರ ತಗೋ, ಮಿಕ್ಕಿದ್ದನ್ನಲ್ಲ. ಗುರುವೇ ಶಿಷ್ಯರ ಮುಂದೆ ನಿಂತು ನಮ್ಮಲ್ಲೂ ಮಿಕ್ಕಿದ್ದು ಇದೆ ಅಂತ ಒಪ್ಕೊಳ್ತಿದ್ದಾನೆ. ನಿಮ್ಮ ಮಗ ಓದಿಲ್ಲದೇನೇ ಆ ಸಾಲಿಗೆ ಬಂದು ನಿಂತಿದ್ದಾನೆ, ದನಿ ಸರಿ ಇರ್ಲಿಲ್ಲ, ಮಾತು ಸರಿ ಇತ್ತು.

ನಾನೂ ಅಪ್ಪನೇ, ನನಗೂ ಇಂಥದ್ದು ಕೇಳಿಸ್ಕೊಂಡು ಚುರುಕ್ ಅಂದಿದೆ. ಆಗ ನನಗೆ ಆಸರೆ ಆಗಿದ್ದು ಕಠೋಪನಿಷತ್ತಿನ ಹುಡುಗ ನಚಿಕೇತ. ಅಪ್ಪ ಯಾಗ ಮಾಡಿ ದಾನ ಕೊಡ್ತಿದ್ದಾನೆ, ಕೊಡ್ತಿರೋ ಹಸುಗಳು ಎಂಥವು ಅಂದ್ರೆ ಕುಡಿಯೋ ನೀರು ಕುಡಿದಾಯ್ತು, ತಿನ್ನೋ ಹುಲ್ಲು ತಿಂದಾಯ್ತು, ಹಾಲು ಕರೆದಾಯ್ತು, ಇನ್ನು ಕರು ಹಾಕೋ ಶಕ್ತಿನೂ ಇಲ್ಲ. ನಚಿಕೇತ ನೋಡ್ತಾ ನಿಂತಿದ್ದಾನೆ. ಅಪ್ಪ ಮಾಡ್ತಿರೋದು ತಪ್ಪು ಅಂತ ನೇರ ಹೇಳಲ್ಲ, ನನ್ನನ್ನ ಯಾರಿಗೆ ಕೊಡ್ತೀಯಾ ಅಂತ ಕೇಳ್ತಾನೆ, ಎರಡು ಸಲ, ಮೂರು ಸಲ. ಅಪ್ಪನಿಗೆ ರೇಗಿ ಹೋಯ್ತು, ಯಮನಿಗೆ ಕೊಡ್ತೀನಿ ಹೋಗು ಅಂದ. ಹೋದ. ಯಮನ ಮನೇಲಿ ಮೂರು ರಾತ್ರಿ ಊಟ ಇಲ್ದೆ ಕಾದ. ಯಮ ಮೂರು ವರ ಕೇಳು ಅಂದಾಗ ಆ ಹುಡುಗ ಮೊದಲು ಕೇಳಿದ್ದು, ಅಪ್ಪನ ಸಿಟ್ಟು ಇಳೀಲಿ, ಮನಸ್ಸು ತಿಳಿಯಾಗ್ಲಿ, ನಾನು ವಾಪಸ್ ಹೋದಾಗ ಗುರುತು ಹಿಡಿದು ಮಾತಾಡಿಸ್ಲಿ ಅಂತ. ಸಾವಿನ ರಹಸ್ಯ ಕೇಳಿದ್ದು ಮೂರನೇದು. ಮೊದಲು ಅಪ್ಪ ಮಾತಾಡಿಸ್ಲಿ.

ನಿಮ್ಮದೂ ಮೂರು ದಿನ ಆಯ್ತು ಅಂತ ಬರ್ದಿದ್ದೀರಿ. ಮಗ ಬಾಗಿಲ ಆಚೆ ಏನು ಕೇಳ್ಕೊಳ್ತಿದ್ದಾನೋ ನನಗೆ ಗೊತ್ತಿಲ್ಲ, ಆದ್ರೆ ಮಾತಾಡಿಸ್ಬೇಕಾದವರು ನೀವೇ. ಶ್ಲೋಕ ಬೇಡ. ತಾತನ ವಿಷ್ಯದಲ್ಲಿ ನೀನು ಹೇಳಿದ್ದು ಯೋಚನೆ ಮಾಡ್ದೆ ಅನ್ನಿ, ಸಾಕು. ಮತ್ತೆ ಅವನ ತಾತನಿಗೆ ಒಂದು ಫೋನ್ ಮಾಡಿ, ಮಗ ಕೇಳಿಸ್ಕೊಳ್ಳಿ ಅಂತ ಅಲ್ಲ.

ಪ್ರಶ್ನೆ: ಗೀತೆ ಓದೋಕೆ ಶುರು ಮಾಡ್ಬೇಕು, ಟೈಮೇ ಸಿಗಲ್ಲ. ದಿನಕ್ಕೆ ಎಷ್ಟು ಓದ್ಬೇಕು? ಮೊದಲನೇ ಅಧ್ಯಾಯ ಬರೀ ಹೆಸರುಗಳು, ಅದನ್ನ ಬಿಟ್ಟು ಎರಡರಿಂದ ಶುರು ಮಾಡಿ ಅಂತಾರೆ, ಸರಿನಾ?

ಉತ್ತರ: ದಿನಕ್ಕೆ ಎರಡು ಶ್ಲೋಕ ಓದಿದ್ರೂ 350 ದಿನಕ್ಕೆ ಮುಗಿಯುತ್ತೆ, ವರ್ಷ ಪೂರ್ತಿ ಬೇಡ. ಮೊದಲನೇ ಅಧ್ಯಾಯ ಬಿಡ್ಬೇಡಿ. ಹೆಸರು, ಶಂಖ ಎಲ್ಲಾ ಬೇಗ ಕಳೀತಾವೆ, ಆಮೇಲೆ ಒಬ್ಬ ಮನುಷ್ಯ ಮೈ ನಡುಗಿ, ಬಾಯಿ ಒಣಗಿ, ಬಿಲ್ಲು ಜಾರಿ ಕೂತ್ಕೋತಾನೆ. ಆ 47 ಶ್ಲೋಕದಲ್ಲಿ ಕೃಷ್ಣ ಮಾತಾಡೋದು ಒಂದೇ ಒಂದು ಸಲ, ಪಾರ್ಥ, ಇಲ್ಲಿ ಸೇರಿರೋ ಕುರುಗಳನ್ನ ನೋಡು ಅಂತ. ಅಷ್ಟೇ. ಅಲ್ಲಿಂದ ಮುಂದೆಲ್ಲಾ ಅರ್ಜುನ ಹೇಳ್ಕೊಳ್ತಾನೆ, ಕೃಷ್ಣ ಕುದುರೆ ಹಗ್ಗ ಹಿಡ್ಕೊಂಡು ಕೇಳಿಸ್ಕೊಳ್ತಾನೆ, ಮಧ್ಯೆ ಒಂದು ಶ್ಲೋಕನೂ ಹೇಳಲ್ಲ. ದಿನಕ್ಕೆ ಎರಡರ ಲೆಕ್ಕದಲ್ಲಿ ಅದು ಮೊದಲ 24 ದಿನ.