ಅಮ್ಮನ ಹರಕೆಗೆ ಸೆಪ್ಟೆಂಬರ್ 8ಕ್ಕೇ ವೆಲಂಕಣಿ ಮುಟ್ಟಬೇಕಾ?

72ರ ಅಮ್ಮ, ಮಂಡಿನೋವು, ಮೇರಿ ಮಾತೆಯ ಹಬ್ಬದ ದಿನವೇ ತಮಿಳುನಾಡಿನ ವೆಲಂಕಣಿ, ಮಂಗಳೂರಿನಿಂದ ರೈಲೋ ಕಾರೋ ಅಂತ ಕೇಳಿದ್ದೀರಿ. 2016ರಲ್ಲಿ ನನ್ನ ತಲೆಯಲ್ಲಿದ್ದದ್ದೂ ಇದೇ ಪ್ರಶ್ನೆ. ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ತಿರುಚ್ಚಿಯಲ್ಲಿ ಇಳಿದು, ತಂಜಾವೂರು, ನಾಗಪಟ್ಟಣ ಅಂತ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅಮ್ಮ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುತ್ತಾ ಬಂದರು. ಪ್ರಯಾಣದಲ್ಲಿ ಏನೂ ತೊಂದರೆಯಾಗಲಿಲ್ಲ.

7ರ ಸಂಜೆ, ದೊಡ್ಡ ತೇರು ಹೊರಡುವ ಹೊತ್ತು. ಅಲ್ಲಿನ ದೊಡ್ಡ ಚರ್ಚ್ ಬಸಿಲಿಕಾದ ಎದುರು ಅಮ್ಮನನ್ನು ನಿಲ್ಲಿಸಿ, "ಇಲ್ಲೇ ನಿಲ್ಲಮ್ಮ, ಕ್ಯಾಂಡಲ್ ತರ್ತೇನೆ" ಅಂತ ಹೋದೆ. ತಪ್ಪಾದದ್ದು ಇಲ್ಲಿ. ಕಳ್ಳರ ಭಯ ಅಂತ ಅವರ ಮೊಬೈಲನ್ನು ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೆ. ಲಾಡ್ಜಿನ ಹೆಸರು ಅವರಿಗೆ ಹೇಳಿರಲಿಲ್ಲ, ಬೀಗದ ಕೈಯೂ ನನ್ನ ಕಿಸೆಯಲ್ಲೇ. ಒಂದು ಚೀಟಿಯಲ್ಲಿ ನನ್ನ ನಂಬರ್ ಬರೆದು ಕೊಡಬಹುದಿತ್ತು, ಕೊಡಲಿಲ್ಲ. "ಇಲ್ಲೇ" ಅಂದೆನಲ್ಲ, ಅದಕ್ಕೊಂದು ಗುರುತೂ ಇರಲಿಲ್ಲ. ಎದುರೂ ಹಿಂದೂ ಬಿಳಿ ಗೋಪುರಗಳೇ. ಕೊಂಕಣಿ, ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದ ಹೆಂಗಸು ಅವರು. ತೇರಿಗೆ ದಾರಿ ಬಿಡಿ ಅಂತ ಪೊಲೀಸರು ತಮಿಳಿನಲ್ಲಿ ಹೇಳಿದಾಗ ಜನರ ಜೊತೆ ಅವರೂ ಸರಿದಿದ್ದಾರೆ, ಸರಿಯುತ್ತಾ ಹೋಗಿದ್ದಾರೆ.

20 ನಿಮಿಷ ಬಿಟ್ಟು ಬಂದರೆ ಅಮ್ಮ ಇಲ್ಲ. ಮೈಕಿನಲ್ಲಿ ಹೆಸರು ಕೂಗಿಸಿದೆ. ಅಷ್ಟು ತಮಿಳಿನ ನಡುವೆ ತನ್ನ ಹೆಸರು ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮೂರು ಗಂಟೆ ಹುಡುಕಿದೆ. ಆ ಮೂರು ಗಂಟೆಯ ಬಗ್ಗೆ ಬರೆಯಲು ಇವತ್ತಿಗೂ ಕೈ ಬರುವುದಿಲ್ಲ.

ಮಾತಾ ಕುಳಕ್ಕೆ (ಮಾತೆಯ ಕೊಳ) ಹೋಗುವ ಮರಳಿನ ದಾರಿ ಉಂಟು, ಜನ ಮೊಣಕಾಲಿನಲ್ಲಿ ಹೋಗುತ್ತಾರಲ್ಲ, ಅದರ ಬದಿಯಲ್ಲಿ ಕೂತು ಅಮ್ಮ ಗಟ್ಟಿಯಾಗಿ "ನಮಾನ್ ಮರಿಯೆ" ಅಂತ ಮೇರಿ ಮಾತೆಯ ಕೊಂಕಣಿ ಪ್ರಾರ್ಥನೆ ಹೇಳುತ್ತಿದ್ದರಂತೆ. ಅದು ಗೋವಾದ ಒಂದು ಕುಟುಂಬದ ಕಿವಿಗೆ ಬಿತ್ತು. ಅವರು ಚಹಾ ಕುಡಿಸಿ, ಅಮ್ಮನಿಗೆ ಬಾಯಿಪಾಠ ಇದ್ದ ಒಂದೇ ನಂಬರಿಗೆ, ನಮ್ಮ ಮನೆಯ ಲ್ಯಾಂಡ್‌ಲೈನಿಗೆ, ಫೋನ್ ಮಾಡಿದರು. ಅಲ್ಲಿಂದ ತಮ್ಮ ನನಗೆ ಮಾಡಿದ.

ಮರುದಿನ ಹಬ್ಬ. ಜ್ವರ ಬಂದು ಅಮ್ಮನಿಗೆ ಏಳಲಾಗಲಿಲ್ಲ, ಪೂಜೆಯೂ ಸಿಗಲಿಲ್ಲ. ಮಲಗಿದಲ್ಲಿಂದಲೇ ಕೇಳಿದರು, "ಇವತ್ತು ಮನೆಯಲ್ಲಿ ಹೊಸ ಅಕ್ಕಿ ಹಾಲಿಗೆ ಹಾಕಿದ್ದು ಯಾರು?" ಮಂಗಳೂರು ಕಡೆ ಅದೇ ದಿನ ಮಾಡುವ ತೆನೆ ಹಬ್ಬ ಮೊಂತಿ ಫೆಸ್ತ್‌ಗೆ ಅವರು ಮನೆ ಬಿಟ್ಟದ್ದು ಅದೇ ಮೊದಲು. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಹಾಕುವುದು, ಇಗರ್ಜಿಯಿಂದ (ಚರ್ಚ್) ಆಶೀರ್ವಾದದ ತೆನೆ ತರುವುದು, ಬಾಳೆಲೆಯಲ್ಲಿ ತರಕಾರಿ ಊಟ, ಎಲ್ಲವನ್ನೂ ನಾನು ತಪ್ಪಿಸಿದ್ದೆ. ಅವರ ಹರಕೆಯಲ್ಲಿ ಇದ್ದದ್ದು "ವೆಲಂಕಣಿಗೆ ಬರ್ತೇನೆ" ಅಂತ ಮಾತ್ರ. ಹಬ್ಬಕ್ಕೇ ಹೋದರೆ ಪುಣ್ಯ ಹೆಚ್ಚು ಅಂತ 8ನೇ ತಾರೀಕು ಸೇರಿಸಿದವ ನಾನು.

ಹಾಗಾಗಿ ರೈಲು, ಕಾರಿನ ಮಾತು ಆಮೇಲೆ. ಆ ತಾರೀಕು ಅಮ್ಮ ಹೇಳಿದ್ದಾ, ನೀವು ಇಟ್ಟದ್ದಾ? ಮೊದಲು ಅವರನ್ನು ಕೇಳಿ. ಆಗಸ್ಟ್ 29ಕ್ಕೆ ಧ್ವಜ ಏರಿದಲ್ಲಿಂದ ಸೆಪ್ಟೆಂಬರ್ 8ರವರೆಗೆ ಮಂಡಿನೋವಿನವರನ್ನು ಅಲ್ಲಿಗೆ ಕರಕೊಂಡು ಹೋಗಲೇಬೇಡಿ. ಅಮ್ಮನೇ ತಾರೀಕು ಹೇಳಿದ್ದರೂ ಹೆದರಬೇಡಿ. ಖಾಸಗಿ ಹರಕೆಯನ್ನು ಹೊತ್ತವರೇ ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಮಿಗಿಲಾದ ಒಳಿತಿಗೆ ಬದಲಿಸಬಹುದು ಅಂತ ಕಥೋಲಿಕ ಧರ್ಮಸಭೆಯ 1983ರ ಕ್ಯಾನನ್ ಕಾನೂನಿನ 1197ನೇ ವಿಧಿಯೇ ಹೇಳುತ್ತದೆ. ನಿಮ್ಮ ಇಗರ್ಜಿಯ ಫಾದರ್ ಹತ್ತಿರ ಒಮ್ಮೆ ಮಾತಾಡಿ. ದೂರ ಆಗುವುದೇ ಇಲ್ಲ ಅಂದರೆ ಮಲ್ಪೆ ಹತ್ತಿರದ ಕಲ್ಮಾಡಿಯ ಇಗರ್ಜಿಯಲ್ಲಿ ಅದೇ ವೆಲಂಕಣಿ ಮಾತೆ ಇದ್ದಾಳೆ.

ನನ್ನ ಅಮ್ಮ ಮತ್ತೆ ಹೊರಡಲು ಒಪ್ಪಿದ್ದು ಎರಡು ವರ್ಷ ಕಳೆದು, ಫೆಬ್ರವರಿಯ ಒಂದು ಮಂಗಳವಾರ. ಸೆರಗಿಗೆ ಚೀಟಿ ಪಿನ್ ಮಾಡಿದ್ದೆ, ನನ್ನ ನಂಬರ್, ಲಾಡ್ಜಿನ ಹೆಸರು, ತಮಿಳಿನಲ್ಲೂ ಬರೆಸಿ. ಕ್ಯಾಂಡಲ್ ತರಲು ಇಬ್ಬರೂ ಒಟ್ಟಿಗೇ ಹೋದೆವು.