ಅರಚಾಟ ಪುರಾಣದಲ್ಲೇ ಇದೆ

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ಉದ್ದವಾಗಿದೆ, ಸಿಟ್ಟೂ ಇದೆ, ಹಾಗಾಗಿ ಉತ್ತರವೂ ಉದ್ದವಾಗಿಯೇ ಇರಲಿ. ಗ್ರೀಕ್ ಮತ್ತು ರೋಮನ್ ಪುರಾಣದ ಕಥೆಗಳನ್ನು ಇಟ್ಟುಕೊಂಡು ಬಂದ ಒಂದು ಸ್ಕ್ರೀಮೋ (ಪಂಕ್‌ನಿಂದ ಹುಟ್ಟಿದ, ಅರಚಿ ಹಾಡುವ ರಾಕ್ ಸಂಗೀತ) ಆಲ್ಬಂ ಬಗ್ಗೆ ಕಳೆದ ಸಂಚಿಕೆಯಲ್ಲಿ ಕೇಳುಗರ ಅಭಿಪ್ರಾಯಗಳನ್ನು ಹಾಕಿದ್ದೆವು. ಒಬ್ಬರು ಈ ವರ್ಷ ಇದಕ್ಕಿಂತ ಒಳ್ಳೆಯದು ಬರಲ್ಲ ಅಂದಿದ್ದರು, ಇನ್ನೊಬ್ಬರು ಎರಡನೇ ಹಾಡಿಗೇ ಆಫ್ ಮಾಡಿದೆ ಅಂದಿದ್ದರು. ಅದನ್ನು ಓದಿ ನಿಮಗೆ ಬೇಜಾರಾಗಿದೆ. ಆರ್ಫಿಯಸ್‌ನಂಥ ಮಹಾ ಗಾಯಕನ ಕಥೆಯನ್ನು ಗಂಟಲು ಹರಿಯುವ ಹಾಗೆ ಅರಚಿ ಹೇಳುವುದು ಆ ಕಥೆಗೇ ಅವಮಾನ ಅಂತ ಬರೆದಿದ್ದೀರಿ. ಒಂದು ಪದವೂ ಕಿವಿಗೆ ಬೀಳದಿದ್ದರೆ ಅಲ್ಲಿ ಪುರಾಣ ಎಲ್ಲಿ ಉಳಿಯಿತು ಅಂತ ಕೇಳಿದ್ದೀರಿ. ಒಂದಕ್ಕೊಂದು ತಾಳೆಯಾಗದ ಇಷ್ಟು ಅಭಿಪ್ರಾಯಗಳ ಬದಲು ಬಲ್ಲವರೊಬ್ಬರಿಂದ ಒಂದೇ ವಿಮರ್ಶೆ ಬರೆಸಬಾರದಿತ್ತಾ ಅನ್ನುವುದು ನಿಮ್ಮ ಕೊನೆಯ ಪ್ರಶ್ನೆ.

ಅವಮಾನದ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನನಗೆ ಒಪ್ಪಲು ಸಾಧ್ಯವೇ ಇಲ್ಲದ ಮಾತು ಅದೊಂದೇ.

ಗ್ರೀಕ್ ಪುರಾಣ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮ್ಯೂಸಿಯಂಗಳ ಬಿಳಿ ಅಮೃತಶಿಲೆಯ ಮೂರ್ತಿಗಳು. ಶಾಂತ ಮುಖ, ಮುಚ್ಚಿದ ಬಾಯಿ. ಆದರೆ ಪುಸ್ತಕ ತೆರೆದು ಓದಿದರೆ ಬಾಯಿ ಮುಚ್ಚಿಕೊಂಡವರೇ ಕಡಿಮೆ! ಟ್ರಾಯ್ ನಗರದ ಮೇಲೆ ಗ್ರೀಕರು ಮಾಡಿದ ಯುದ್ಧದ ಬಗ್ಗೆ ಹೋಮರ್ ಹೇಳಿದ ಮಹಾಕಾವ್ಯ ಇಲಿಯಡ್‌ನ 18ನೇ ಭಾಗ ನೋಡಿ. ಗೆಳೆಯ ಪೆಟ್ರೊಕ್ಲಸ್ ಸತ್ತ ಸುದ್ದಿ ಬಂದಾಗ ಗ್ರೀಕ್ ವೀರ ಅಕಿಲೀಸ್ ಹಾಕಿದ ಕೂಗು ಸಮುದ್ರದ ಆಳದಲ್ಲಿದ್ದ ಅವನ ತಾಯಿಗೆ ಕೇಳಿಸುತ್ತದೆ. ಆಮೇಲೆ ಮೈಮೇಲೆ ಕವಚ ಕೂಡ ಇಲ್ಲದೆ ಕಂದಕದ ಹತ್ತಿರ ಬಂದು ನಿಂತು ಮೂರು ಸಲ ಅರಚುತ್ತಾನೆ. ಅಷ್ಟಕ್ಕೇ ಟ್ರಾಯ್ ಸೇನೆ ಚೆಲ್ಲಾಪಿಲ್ಲಿಯಾಗುತ್ತದೆ, ತಮ್ಮದೇ ರಥ, ತಮ್ಮದೇ ಈಟಿಗಳ ನಡುವೆ ಸಿಕ್ಕಿ 12 ಜನ ವೀರರು ಸಾಯುತ್ತಾರೆ. ಅವನು ಏನು ಕೂಗಿದ ಅಂತ ಹೋಮರ್ ಹೇಳುವುದೇ ಇಲ್ಲ. ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ನಾಟಕಗಳಿಗೆ ಬಂದರೆ ಇನ್ನೂ ಜಾಸ್ತಿ. ಕ್ರಿ.ಪೂ. 409ರಲ್ಲಿ ಆಡಿದ ಸೊಫೊಕ್ಲಿಸ್‌ನ ಫಿಲೊಕ್ಟೆಟಿಸ್ ನಾಟಕದ ನಾಯಕನಿಗೆ ಹಾವು ಕಚ್ಚಿ ಕಾಲು ಕೊಳೆತಿರುತ್ತದೆ. ನೋವು ಏರಿದಾಗ ಅವನ ಬಾಯಿಂದ ಬರುವುದು ಅರ್ಥವಿಲ್ಲದ ಬರೀ ಸ್ವರಗಳ ಸಾಲು, ಅದನ್ನು ಸೊಫೊಕ್ಲಿಸ್ ಪದ್ಯದ ಲಯದಲ್ಲೇ ಬರೆದಿಟ್ಟಿದ್ದಾನೆ. ಅವನನ್ನು ದ್ವೀಪವೊಂದರಲ್ಲಿ ಬಿಟ್ಟು ಬರಲು ಗ್ರೀಕ್ ನಾಯಕ ಒಡಿಸಿಯಸ್ ಕೊಡುವ ಕಾರಣ ಏನು ಗೊತ್ತಾ? ಇವನ ಅರಚಾಟದಲ್ಲಿ ನಮಗೆ ನೆಮ್ಮದಿಯಾಗಿ ಪೂಜೆ ಮಾಡಲು ಆಗುತ್ತಿರಲಿಲ್ಲ ಅಂತ. ಟ್ರಾಯ್ ಗೆಲ್ಲಲು ಅವನ ಬಿಲ್ಲು ಬೇಕೇ ಬೇಕು ಅಂತ ಗೊತ್ತಾದ ಮೇಲೆ ಅದೇ ಒಡಿಸಿಯಸ್ ಅವನನ್ನು ಹುಡುಕಿಕೊಂಡು ಬರುತ್ತಾನೆ.

ಆದರೆ ನಿಮಗೆ ಮುಖ್ಯವಾಗಿ ತೋರಿಸಬೇಕಾಗಿರುವುದು ಕಸಾಂಡ್ರಾಳನ್ನು. ಈಸ್ಕಿಲಸ್‌ನ ಅಗಮೆಮ್ನಾನ್ ನಾಟಕ, ಕ್ರಿ.ಪೂ. 458. ಅವಳು ಭವಿಷ್ಯ ಕಾಣಬಲ್ಲ ಟ್ರಾಯ್ ರಾಜಕುಮಾರಿ. ಗೆದ್ದ ಗ್ರೀಕ್ ರಾಜ ಅಗಮೆಮ್ನಾನ್‌ನ ಸೆರೆಯಾಳಾಗಿ ಬಂದ ಅವಳು ರಥದಲ್ಲಿ ತುಂಬಾ ಹೊತ್ತು ಸುಮ್ಮನೆ ಕೂತಿರುತ್ತಾಳೆ. ರಾಣಿ ಮಾತಾಡಿಸಿದರೂ ಉತ್ತರ ಇಲ್ಲ, ಇವಳಿಗೆ ನಮ್ಮ ಭಾಷೆಯೇ ಬರಲ್ಲವೇನೋ ಅಂದುಕೊಳ್ಳುತ್ತಾಳೆ ರಾಣಿ. ಕೊನೆಗೆ ಕಸಾಂಡ್ರಾ ಬಾಯಿ ಬಿಟ್ಟಾಗ ಬರುವುದು ಪದವೇ ಅಲ್ಲದ ಒಂದು ಚೀತ್ಕಾರ, ಅದರ ಹಿಂದೆಯೇ ಅಪೊಲೊ ಅಪೊಲೊ ಅಂತ ಕೂಗು. ಅಲ್ಲಿದ್ದ ಮೇಳದ ಮುದುಕರು ಗಾಬರಿಯಾಗುತ್ತಾರೆ. ಸಂಗೀತದ ದೇವರಾದ ಅಪೊಲೊನನ್ನು ಹೀಗೆ ಗೋಳಾಡಿ ಕರೆಯಬಾರದು, ಇಂಥ ಕೂಗಿಗೂ ಆ ದೇವರಿಗೂ ಆಗಿಬರುವುದಿಲ್ಲ ಅನ್ನುತ್ತಾರೆ. ನಿಮ್ಮ ತಕರಾರೂ ಇದೇ ಅಲ್ವಾ? ಸುಮಾರು 2500 ವರ್ಷದ ಹಿಂದೆಯೇ ಈಸ್ಕಿಲಸ್ ಅದನ್ನು ವೇದಿಕೆಯ ಮೇಲೆ ತಂದಿದ್ದಾನೆ. ಆ ತಕರಾರಿಗೆ ಜಾಗ ಕೊಟ್ಟಿದ್ದಾನೆ, ಆದರೆ ಕಸಾಂಡ್ರಾಳ ಬಾಯಿ ಮುಚ್ಚಿಸಿಲ್ಲ. ಅವಳ ಕೂಗಿನಿಂದಲೇ ಭವಿಷ್ಯ ಹೊರಗೆ ಬರುತ್ತದೆ.

ಇನ್ನೊಂದು ಹೇಳಲೇಬೇಕು, ನನಗೆ ತುಂಬಾ ಇಷ್ಟವಾದದ್ದು. ಕ್ರಿ.ಪೂ. 490ರಲ್ಲಿ ಆಲೋಸ್ ಎಂಬ ಜೋಡಿ ಕೊಳವೆಯ ವಾದ್ಯ ನುಡಿಸಿ ಸ್ಪರ್ಧೆ ಗೆದ್ದ ಒಬ್ಬ ಕಲಾವಿದನಿಗಾಗಿ ಗ್ರೀಕ್ ಕವಿ ಪಿಂಡಾರ್ ಒಂದು ಹಾಡು ಬರೆದ. ಅದರಲ್ಲಿ ಆ ವಾದ್ಯದ ಒಂದು ರಾಗ ಹುಟ್ಟಿದ ಕಥೆ ಬರುತ್ತದೆ. ಪರ್ಸಿಯಸ್ ಎಂಬ ವೀರ ತಲೆತುಂಬ ಹಾವುಗಳಿದ್ದ ರಾಕ್ಷಸಿ ಮೆಡುಸಾಳ ತಲೆ ಕಡಿದಾಗ ಅವಳ ಅಕ್ಕತಂಗಿಯರು ಗೋಳಿಟ್ಟರು, ಅವರ ತಲೆಯ ಹಾವುಗಳೂ ಗೋಳಿಟ್ಟವು. ಅದನ್ನು ಕೇಳಿದ ಅಥೀನಾ ದೇವಿ ಆ ಅಕ್ಕತಂಗಿಯರಲ್ಲಿ ಒಬ್ಬಳಾದ ಯುರಿಯಾಲಿಯ ಅಳುವನ್ನು ಅನುಕರಿಸಿ ರಾಗ ಕಟ್ಟಿ ಮನುಷ್ಯರಿಗೆ ಕೊಟ್ಟಳು. ಸಂಗೀತದ ಮೂಲದಲ್ಲೇ ಒಂದು ಕಿರುಚಾಟ ಇದೆ ಅಂತ ಗ್ರೀಕರೇ ಹೇಳಿಕೊಂಡಿದ್ದರು, ಅದೂ ದೇವತೆಯ ಕೈಯಿಂದ ಬಂದದ್ದು ಅಂತ. ಹೀಗಿರುವಾಗ ಗಿಟಾರ್ ಹಿಡಿದ ನಾಲ್ಕು ಜನ ಅರಚಿದರೆ ಪುರಾಣಕ್ಕೆ ಯಾವ ಅವಮಾನವೂ ಆಗುವುದಿಲ್ಲ.

ಈಗ ಪದಗಳು ಕೇಳಿಸಲ್ಲ ಅನ್ನುವ ಮಾತು. ಇದು ನ್ಯಾಯವಾದ ಪ್ರಶ್ನೆ, ಈ ಸಂಗೀತಕ್ಕೆ ಹೊಸಬರಾದ ಎಲ್ಲರೂ ಕೇಳುವ ಪ್ರಶ್ನೆ. ಸ್ಕ್ರೀಮೋ ಹುಟ್ಟಿದ್ದು 1990ರ ದಶಕದ ಮೊದಲ ವರ್ಷಗಳಲ್ಲಿ, ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ, ಹಾರ್ಡ್‌ಕೋರ್ ಪಂಕ್ ಎಂಬ ವೇಗದ, ಒರಟು ರಾಕ್ ನುಡಿಸುತ್ತಿದ್ದ ಹುಡುಗರ ನಡುವೆ. ಹೆರೊಯಿನ್ ಎಂಬ ಬ್ಯಾಂಡ್, ಗ್ರ್ಯಾವಿಟಿ ರೆಕಾರ್ಡ್ಸ್ ಎಂಬ ಸಣ್ಣ ಲೇಬಲ್, ಅಲ್ಲಿಂದ ಹರಡಿದ್ದು. ಈ ಸಂಗೀತದಲ್ಲಿ ದನಿಯನ್ನು ಮಿಕ್ಸ್‌ನಲ್ಲಿ ಮುಂದೆ ತಂದು ನಿಲ್ಲಿಸುವುದು ಕಡಿಮೆ. ಗಿಟಾರ್, ಡ್ರಮ್ಸ್ ಜೊತೆಗೇ ಅದೂ ಮುಳುಗಿರುತ್ತದೆ, ಕೆಲವು ಸಲ ಅವುಗಳಿಗಿಂತ ಕೆಳಗೇ ಇರುತ್ತದೆ. ಸಾಹಿತ್ಯ ಬೇಕಾದವರಿಗೆ ಆಲ್ಬಂ ಜೊತೆ ಹಾಳೆ ಇರುತ್ತದೆ. ಟೋಕಿಯೊದ ಎನ್ವಿ ಬ್ಯಾಂಡ್ ಜಪಾನಿ ಭಾಷೆಯಲ್ಲಿ ಹಾಡುತ್ತದೆ, ಫೊರ್ಲಿ ಊರಿನ ಲಾ ಕ್ವಿಯೆಟೆ ಇಟಾಲಿಯನ್‌ನಲ್ಲಿ. ಆ ಭಾಷೆ ಒಂದಕ್ಷರ ಬಾರದವರೂ ದೇಶ ದೇಶಗಳಲ್ಲಿ ಅವರನ್ನು ಹಚ್ಚಿಕೊಂಡು ಕೇಳುತ್ತಾರೆ. ಹಾಗಂತ ಪದಗಳಿಗೆ ಇಲ್ಲಿ ಬೆಲೆ ಇಲ್ಲ ಅಂತ ಅಲ್ಲ. ಸವಾನಾ ನಗರದ ಸರ್ಕಲ್ ಟೇಕ್ಸ್ ದ ಸ್ಕ್ವೇರ್ ಎಂಬ ಬ್ಯಾಂಡ್ 2004ರಲ್ಲಿ ತಂದ ಆಲ್ಬಂನಲ್ಲಿ ಒಂದು ಗಂಡು ದನಿ, ಒಂದು ಹೆಣ್ಣು ದನಿ ಒಂದರ ಮೇಲೊಂದು ಬೀಳುತ್ತವೆ. ಮೊದಲು ಕೇಳುವಾಗ ಏನೂ ಸಿಗುವುದಿಲ್ಲ. ಹಾಳೆ ಹಿಡಿದು ಕೂತು ಕೇಳಿದರೆ ಯಾವ ಸಾಲನ್ನು ಯಾವ ದನಿ ಎತ್ತಿಕೊಂಡಿತು, ಎಲ್ಲಿ ಇಬ್ಬರೂ ಒಟ್ಟಾದರು ಅಂತ ಕಾಣತೊಡಗುತ್ತದೆ, ಆಗ ಅದೇ ಹಾಡು ಪೂರ್ತಿ ಬೇರೆಯಾಗುತ್ತದೆ.

ಹಾಗಾಗಿ ನಾನು ಕೇಳುವ ಪ್ರಶ್ನೆ ಬೇರೆ. ಈ ಅರಚಾಟ ಕಥೆಯ ಯಾವ ಜಾಗದಲ್ಲಿ ಬರುತ್ತದೆ, ಅಲ್ಲಿ ಏನು ಮಾಡುತ್ತದೆ? ನಮಗೆ ಬಂದ ಅಭಿಪ್ರಾಯಗಳನ್ನೂ ಇದೇ ಪ್ರಶ್ನೆ ಇಟ್ಟುಕೊಂಡು ಓದಿದೆ.

ಮಾಸ್ಟರ್‌ಪೀಸ್ ಅಂತ ಬರೆದವರ ಪತ್ರದಲ್ಲಿ ಕಾರಣವೇ ಇರಲಿಲ್ಲ, ಬರೀ ಉತ್ಸಾಹ. ಇದು ಸ್ಕ್ರೀಮೋ ಅಲ್ಲ, ಹೆವಿ ಮೆಟಲ್ ಬೆರೆತ ಮೆಟಲ್‌ಕೋರ್ ಅಂತ ಜಗಳ ತೆಗೆದವರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆ ಜಗಳ 20 ವರ್ಷದಿಂದ ನಡೆಯುತ್ತಲೇ ಇದೆ, ಅದರಿಂದ ಒಂದು ಹಾಡೂ ಯಾರಿಗೂ ಹೆಚ್ಚು ಅರ್ಥವಾಗಿಲ್ಲ. ನಿಜವಾಗಿ ಕೆಲಸಕ್ಕೆ ಬಂದದ್ದು ಫಿಲೊಮೆಲಾಳ ಹಾಡಿನ ಬಗ್ಗೆ ಇಬ್ಬರು ಬರೆದ ಮಾತು. ಕಥೆ ನಿಮಗೆ ಗೊತ್ತು: ಅಕ್ಕನ ಗಂಡ ಟೆರಿಯಸ್ ಅವಳ ಮೇಲೆ ಅತ್ಯಾಚಾರ ಮಾಡಿ, ಯಾರಿಗೂ ಹೇಳಬಾರದು ಅಂತ ನಾಲಿಗೆ ಕತ್ತರಿಸುತ್ತಾನೆ, ಅವಳು ಬಟ್ಟೆಯಲ್ಲಿ ನೇಯ್ದು ಅಕ್ಕನಿಗೆ ವಿಷಯ ತಲುಪಿಸುತ್ತಾಳೆ. ಈ ಹಾಡಿನ ಅರ್ಧದಲ್ಲಿ ಗಾಯಕಿಯ ದನಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಮತ್ತೆ ಬರುವುದೇ ಇಲ್ಲ. ಅಲ್ಲಿಂದ ಮೊದಲು ಎರಡು ಗಿಟಾರ್ ಮಾತ್ರ, ಒಂದರೊಳಗೊಂದು ಹಾಯ್ದುಕೊಂಡು ಹೋಗುತ್ತವೆ. ಒಬ್ಬ ಕೇಳುಗರು ಇದನ್ನು ಮಿಕ್ಸಿಂಗ್ ತಪ್ಪು ಅಂದುಕೊಂಡರು, ದನಿ ಎಲ್ಲಿ ಹೋಯಿತು ಅಂತ ಸಿಟ್ಟಾದರು. ಇನ್ನೊಬ್ಬರು ಆ ಎರಡು ಗಿಟಾರ್‌ಗಳೇ ನೇಯ್ಗೆ ಅಂತ ಬರೆದರು, ಅಕ್ಕ ಪ್ರೊಕ್ನಿ ಅದನ್ನು ಓದಿದ ಕ್ಷಣ ಡ್ರಮ್ಸ್ ಮತ್ತೆ ಬರುತ್ತದೆ ಅಂತ ನಿಮಿಷ, ಸೆಕೆಂಡ್ ಸಮೇತ ತೋರಿಸಿದರು. ಎರಡನ್ನೂ ಅಕ್ಕಪಕ್ಕ ಹಾಕಿದ್ದು ಬೇಕೆಂದೇ. ಮೊದಲಿನವರ ಸಿಟ್ಟು ಸುಳ್ಳಲ್ಲ, ದನಿ ಹೋದ ನಷ್ಟ ಅವರ ಕಿವಿಗೆ ಸರಿಯಾಗಿಯೇ ತಟ್ಟಿದೆ.

ಮಾರ್ಸಿಯಸ್‌ನ ಹಾಡೂ ಗಟ್ಟಿಯಾಗಿದೆ. ಅಪೊಲೊ ಜೊತೆ ಸಂಗೀತದಲ್ಲಿ ಸ್ಪರ್ಧೆಗಿಳಿದು ಸೋತು, ಬದುಕಿದ್ದ ಹಾಗೇ ಚರ್ಮ ಸುಲಿಸಿಕೊಂಡವನು ಅವನು. ರೋಮನ್ ಕವಿ ಓವಿಡ್ ಈ ಕಥೆ ಹೇಳುವಾಗ ಸ್ಪರ್ಧೆಯ ವರ್ಣನೆಗೇ ಹೋಗುವುದಿಲ್ಲ, ನೇರವಾಗಿ ಅರಚಾಟದಿಂದ ಶುರು ಮಾಡುತ್ತಾನೆ, ನನ್ನನ್ನು ನನ್ನಿಂದಲೇ ಯಾಕೆ ಕಿತ್ತು ತೆಗೆಯುತ್ತೀಯ ಅಂತ. ಬ್ಯಾಂಡ್ ಕೂಡ ಹಾಗೇ ಮಾಡಿದೆ. ಪೀಠಿಕೆ ಇಲ್ಲ, ಮೊದಲ ಸೆಕೆಂಡಿಗೇ ಕೂಗು. ಮುಗಿದ ಮೇಲೂ ತುಂಬಾ ಹೊತ್ತು ಮೌನ ಬಿಟ್ಟಿದ್ದಾರೆ, ಆ ಮೌನವನ್ನು ದಯವಿಟ್ಟು ಮುಂದಕ್ಕೆ ಓಡಿಸಬೇಡಿ.

ಆದರೆ ನಿಮ್ಮ ಸಿಟ್ಟಿಗೆ ಕಾರಣವಾದ ಆರ್ಫಿಯಸ್ ಹಾಡು ಚೆನ್ನಾಗಿಲ್ಲ, ಅದನ್ನು ನೇರವಾಗಿಯೇ ಹೇಳುತ್ತೇನೆ. ನೀವು ಹೇಳಿದ ಕಾರಣಕ್ಕಲ್ಲ. ಆ ಹಾಡಿನಲ್ಲಿ ಪಾತಾಳದ ದೊರೆ ಹೇಡಿಸ್, ಅಲ್ಲಿನ ಸ್ಟಿಕ್ಸ್ ನದಿ, ಮೂರು ತಲೆಯ ನಾಯಿ ಎಲ್ಲ ಹೆಸರೂ ಬರುತ್ತವೆ, ಹೆಸರು ತೆಗೆದರೆ ಉಳಿಯುವುದು ಯಾರದ್ದೋ ಪ್ರೀತಿ ಮುರಿದ ಹಾಡು ಅಂತ ಒಬ್ಬ ಓದುಗರು ಬರೆದಿದ್ದರಲ್ಲ, ಅವರ ಮಾತಿಗೆ ನನ್ನ ಸಹಿ ಇದೆ. ಮೊದಲಿಂದ ಕೊನೆತನಕ ಒಂದೇ ಎತ್ತರದ ಅರಚಾಟ. ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುವಾಗ ಆರ್ಫಿಯಸ್ ಹಿಂದೆ ತಿರುಗಿ ನೋಡಿ ಅವಳನ್ನು ಕಳೆದುಕೊಳ್ಳುವ ಆ ಒಂದು ಕ್ಷಣಕ್ಕೂ ಬೇರೆ ಕ್ಷಣಗಳಿಗೂ ದನಿಯಲ್ಲಿ ವ್ಯತ್ಯಾಸವೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಯಾಕೆಂದರೆ ಈ ಕಥೆಯಲ್ಲೇ ಗದ್ದಲ ಮತ್ತು ಹಾಡಿನ ಜಗಳ ಇದೆ. ಓವಿಡ್ ಹೇಳುವ ಪ್ರಕಾರ, ಮದ್ಯದ ದೇವರು ಬಾಕಸ್‌ನನ್ನು ಪೂಜಿಸುವ ಹೆಂಗಸರು ಆರ್ಫಿಯಸ್ ಮೇಲೆ ಎಸೆದ ಕಲ್ಲು ಅವನ ಹಾಡಿಗೆ ಸೋತು ಕಾಲ ಬಳಿ ಬೀಳುತ್ತದೆ. ಆಮೇಲೆ ಅವರ ಕೊಳಲು, ತಮಟೆ, ಚಪ್ಪಾಳೆ, ಊಳಾಟ ಎಲ್ಲ ಸೇರಿ ಅವನ ತಂತಿವಾದ್ಯವನ್ನು ಮುಳುಗಿಸಿಬಿಡುತ್ತವೆ. ಹಾಡು ಕೇಳಿಸದೇ ಹೋದ ಮೇಲೇ ಕಲ್ಲುಗಳು ಅವನಿಗೆ ತಾಗುತ್ತವೆ. ಸ್ಕ್ರೀಮೋ ಬ್ಯಾಂಡಿಗೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಗಬೇಕು? ಸಣ್ಣ ಗಿಟಾರ್ ಸ್ವರವೊಂದನ್ನು ನಿಧಾನವಾಗಿ ಬೆಳೆಸಿ, ಕಿವಿಗೆ ಆಪ್ತವಾದ ಮೇಲೆ ಗದ್ದಲದಲ್ಲಿ ಮುಳುಗಿಸಬಹುದಿತ್ತು. 2002ರ ತಮ್ಮ ಆಲ್ಬಂನಲ್ಲಿ ಸಿಟಿ ಆಫ್ ಕ್ಯಾಟರ್‌ಪಿಲ್ಲರ್ ಬ್ಯಾಂಡಿನವರು ಇಂಥ ಉದ್ದನೆಯ ಮೆಲುದನಿಯಿಂದ ಸ್ಫೋಟಕ್ಕೆ ಹೋಗುವ ದಾರಿಯನ್ನು ಎಷ್ಟು ಚೆನ್ನಾಗಿ ತೋರಿಸಿದ್ದರು. ಇವರು ಆ ಅವಕಾಶ ಕೈಬಿಟ್ಟರು. ಫಿಲೊಮೆಲಾಳನ್ನು ಅಷ್ಟು ಹತ್ತಿರದಿಂದ ಓದಿದವರು ಆರ್ಫಿಯಸ್‌ನನ್ನು ಅವಸರದಲ್ಲಿ ಮುಗಿಸಿದ್ದಾರೆ.

ಒಬ್ಬ ಬಲ್ಲವರ ವಿಮರ್ಶೆ ಸಾಕಿತ್ತಲ್ಲ ಅನ್ನುವುದಕ್ಕೆ ನನ್ನ ಉತ್ತರ ಇಷ್ಟು. ಪುರಾಣ ಬಲ್ಲವರಿಗೆ ಈ ಸಂಗೀತ ಹೊಸದು, ಸಂಗೀತ ಬಲ್ಲವರಲ್ಲಿ ಹಲವರು ಓವಿಡ್ ಓದಿಲ್ಲ. ನಿಮಿಷ, ಸೆಕೆಂಡ್ ತೋರಿಸಿದ ಆ ಕೇಳುಗರು ವಿಮರ್ಶಕರಲ್ಲ, ಹಾಳೆ ಹಿಡಿದು ಕೂತು ಕೇಳಿದವರು, ಅಷ್ಟೇ. ಅಂಥವರ ಮಾತು ಬಿಟ್ಟುಕೊಡಲು ನಾನು ತಯಾರಿಲ್ಲ. ಅಭಿಪ್ರಾಯಗಳನ್ನು ಹಾಕುವುದು ಮುಂದುವರಿಯುತ್ತದೆ. ಒಂದು ಷರತ್ತು ಮಾತ್ರ ಸೇರಿಸುತ್ತಿದ್ದೇವೆ: ಮೆಚ್ಚಿದರೂ ಸರಿ, ಬೈದರೂ ಸರಿ, ಕನಿಷ್ಠ ಒಂದು ಹಾಡು ಹೆಸರಿಸಿ ಅದರಲ್ಲಿ ಏನು ಕೇಳಿಸಿತು ಅಂತ ಬರೆಯಬೇಕು.

ನಿಮ್ಮ ಪತ್ರ ಈ ಷರತ್ತಿಗೆ ಮೊದಲು ಬಂದದ್ದು, ಹಾಗಾಗಿ ಅದನ್ನು ಒಂದು ಸಾಲೂ ಕತ್ತರಿಸದೆ ಇದೇ ಸಂಚಿಕೆಯಲ್ಲಿ ಹಾಕಿದ್ದೇವೆ. ಆರ್ಫಿಯಸ್ ಹಾಡಿಗೇ ನೀವು ನಿಲ್ಲಿಸಿದ್ದೀರಿ ಅಂತ ಪತ್ರದಿಂದ ಗೊತ್ತಾಗುತ್ತದೆ, ಫಿಲೊಮೆಲಾ ಬರುವುದು ಅದರ ನಂತರ. ಅದನ್ನು ಒಮ್ಮೆ ಹಾಳೆ ಇಲ್ಲದೆ, ಒಮ್ಮೆ ಹಾಳೆ ಇಟ್ಟುಕೊಂಡು ಕೇಳಿ. ಆಮೇಲೂ ಹಿಡಿಸದಿದ್ದರೆ ಯಾಕೆ ಅಂತ ಬರೆಯಿರಿ, ಇಷ್ಟೇ ಉದ್ದ ಇದ್ದರೂ ಪರವಾಗಿಲ್ಲ.

ನಿಮ್ಮ,
ಸಂಪಾದಕ